ದನಗಳ ರೋಗವೂ ಓಲೆಗರಿಯ ಪಾಠಾಂತರವೂ

ಟ್ರ್ಯಾಕ್ಟರು ಬಂದ ಮೇಲೂ ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಸಣ್ಣ ರೈತನಿಗೆ ಎತ್ತಿನ ಜೋಡಿಯೇ ಬಲ. ಕಾರಹುಣ್ಣಿಮೆಯಂದು ಮೆರೆದ ಎತ್ತು ಬಿತ್ತಿಗೆಯ ಹೊತ್ತಿಗೆ ನೆಲ ಹಿಡಿದರೆ ಆ ವರ್ಷದ ಬದುಕೇ ಕುಂಟುತ್ತದೆ. ಆದ್ದರಿಂದ ದನಗಳ ರೋಗ ಎಲ್ಲಿಂದ ಬಂತೆಂಬ ಪ್ರಶ್ನೆ ವಿಜ್ಞಾನಿಗಳಿಗಷ್ಟೇ ಸೇರಿದ್ದಲ್ಲ. ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಅದನ್ನಿಲ್ಲಿ ವಿವರಿಸಲು ಹೊರಟಿರುವುದೂ ಅದಕ್ಕಾಗಿಯೇ.

ಚರ್ಮಗಂಟು ರೋಗವನ್ನೇ ತೆಗೆದುಕೊಳ್ಳೋಣ. ಜ್ವರ ಬಂದು ಮೈತುಂಬ ಗಂಟುಗಳೇಳುತ್ತವೆ. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಇದನ್ನು ಹರಡುತ್ತವೆ. 1929ರಲ್ಲಿ ಆಫ್ರಿಕದ ಇಂದಿನ ಜಾಂಬಿಯಾದಲ್ಲಿ ಮೊದಲು ಕಂಡ ಈ ರೋಗ 2019ರಲ್ಲಿ ಒಡಿಶಾಕ್ಕೆ ಬಂದಿತು. 2022ರ ಹಾವಳಿಯಲ್ಲಿ ನಮ್ಮ ದೇಶದ ಒಂದು ಲಕ್ಷಕ್ಕೂ ಮಿಕ್ಕ ದನಗಳು ಸತ್ತವು.

ಇದರ ವೈರಾಣುವಿನ ಆನುವಂಶಿಕ ಬರಹವು ನಾಲ್ಕೇ ಅಕ್ಷರಗಳನ್ನು ಹೆಣೆದು ಬರೆದ, ಸುಮಾರು ಒಂದೂವರೆ ಲಕ್ಷ ಅಕ್ಷರಗಳಷ್ಟು ಉದ್ದದ ಗ್ರಂಥ. ವೈರಾಣು ಬೆಳೆದಂತೆಲ್ಲ ಈ ಗ್ರಂಥ ಪ್ರತಿಯಾಗುತ್ತದೆ. ಅಲ್ಲಲ್ಲಿ ಒಂದೊಂದು ಅಕ್ಷರ ತಪ್ಪುತ್ತದೆ. ಎರಡು ಓಲೆಗರಿ ಪ್ರತಿಗಳಲ್ಲಿ ಅವೇ ತಪ್ಪುಗಳು ಕಂಡರೆ ಅವು ಒಂದೇ ಮೂಲದಿಂದ ಇಳಿದವೆಂದು ಗ್ರಂಥಸಂಪಾದಕರು ಊಹಿಸುವುದಿಲ್ಲವೆ? ವಿಜ್ಞಾನಿಗಳ ಮಾರ್ಗವೂ ಅದೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗುಜರಾತ, ರಾಜಸ್ಥಾನ, ಮಹಾರಾಷ್ಟ್ರ, ಕರ್ನಾಟಕಗಳಿಂದ ಬಂದ 22 ಮಾದರಿಗಳನ್ನು ಹೀಗೆ ಓದಿ, 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಿಗೆ ಕಂಡದ್ದು ಎರಡು ಪಾಠಗಳು. ಒಂದು, 2019ರಲ್ಲಿ ರಾಂಚಿಯಲ್ಲಿಯೂ 2020ರಲ್ಲಿ ಹೈದರಾಬಾದಿನಲ್ಲಿಯೂ ದೊರೆತ ವೈರಾಣುವನ್ನು ಹೋಲುವಂಥದು; ಇನ್ನೊಂದು, ಬಹಳ ಬದಲಾವಣೆಗಳನ್ನು ಹೊತ್ತು, 2015ರಲ್ಲಿ ರಷ್ಯಾದಲ್ಲಿ ಹಬ್ಬಿದ್ದನ್ನು ಹೋಲುವಂಥದು. ಹಾವಳಿ ಒಂದೇ ಆದರೂ ಅದರ ಹಿಂದೆ ಎರಡು ಕವಲುಗಳಿದ್ದವು! ಇದನ್ನರಿಯದೆ ಲಸಿಕೆಯ ತಕ್ಕತನವನ್ನು ತೂಗಿ ನೋಡುವುದು ಕಷ್ಟ.

ಆದರೆ ಈ ವಿದ್ಯೆಗೂ ಮಿತಿಯುಂಟು. ಚರ್ಮಗಂಟಿನ ವೈರಾಣು ನಿಧಾನವಾಗಿ ಬದಲಾಗುವ ಕಾರಣ, ನೆರೆಯೂರುಗಳ ಮಾದರಿಗಳು ಒಂದೇ ತೆರನಾಗಿ ಕಾಣಬಹುದು. ಕಾಲುಬಾಯಿ ರೋಗದ ವೈರಾಣು ಅವಸರದ ಲಿಪಿಕಾರನಂತೆ. ಬೇಗ ಬೇಗ ತಪ್ಪು ಮಾಡುತ್ತದೆ. ಅದರಿಂದಲೇ 2007ರಲ್ಲಿ ಇಂಗ್ಲೆಂಡಿನವರು ಆ ರೋಗದ ಹೆಜ್ಜೆಯನ್ನು ಒಂದು ತೋಟದಿಂದ ಇನ್ನೊಂದಕ್ಕೆ ಹಿಡಿದು ನಡೆದರು. ಸುರಪುರದ ಕೊಟ್ಟಿಗೆಗೆ ಬಂದ ಕಾಲುಬಾಯಿ ಶಹಾಪುರದ್ದೋ ಹೊರಸೀಮೆಯದೋ ಎಂಬುದನ್ನೂ ಹೀಗೆಯೇ ತಿಳಿಯಬಹುದು.

ಓದಲು ಮೊದಲು ಪ್ರತಿ ಸಿಗಬೇಕಷ್ಟೆ. ಮುಚ್ಚಿಟ್ಟು ಮಾರಿದ ದನ, ಸದ್ದಿಲ್ಲದೆ ಹೂತ ದನ ಕಳೆದುಹೋದ ಗರಿಗಳಿದ್ದಂತೆ. ಹಳ್ಳಿಗಳಿಂದ ಬರುವ ಗೆಳೆಯರೇ, ರೋಗ ಕಂಡ ದಿನವೇ ಪಶುವೈದ್ಯರಿಗೆ ತಿಳಿಸುವಂತೆ ಮನೆಯವರಿಗೆ ಹೇಳಿರಿ. ನಮ್ಮ ಓದಿನಿಂದ ಮನೆಗೆ ಸಲ್ಲಬಹುದಾದ ಸೇವೆಗಳಲ್ಲಿ ಇದೂ ಒಂದು.