ಸೊಪ್ಪಿನ ಬೆಟ್ಟದ ಲೆಕ್ಕ

ಊಟವಾದ ಮೇಲೆ ತಾಂಬೂಲದ ತಟ್ಟೆಯಿಂದ ಅಡಕೆಯ ಹೋಳೊಂದನ್ನು ಬಾಯಿಗೆ ಹಾಕಿಕೊಳ್ಳುವಾಗ, ಅದರ ಹಿಂದೆ ಒಂದು ಕಾಡೇ ನಿಂತಿದೆಯೆಂಬುದು ತಮಗೆ ಹೊಳೆದಿರಲಾರದು. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಕಣಿವೆಗಳಲ್ಲಿ ಕೆಲವೇ ಮನೆಗಳ ಚಿಕ್ಕಚಿಕ್ಕ ಊರುಗಳಿವೆ. ತಗ್ಗಿನಲ್ಲಿ ತೋಟ, ಅದರ ಅಂಚಿಗೆ ಮನೆ, ಮನೆಗೆ ತಾಗಿ ಕೊಟ್ಟಿಗೆ, ಅದರಾಚೆ ಬೆಟ್ಟ. ಈ ನಾಲ್ಕೂ ಕೂಡಿದರೇ ಅಲ್ಲಿನ ಸಂಸಾರ.

‘ಬೆಟ್ಟ’ ಎಂದೊಡನೆ ತಾವು ಚಾಮುಂಡಿಬೆಟ್ಟವನ್ನು ನೆನೆಯುವಿರಿ. ಆ ಸೀಮೆಯಲ್ಲಿ ಈ ಮಾತಿಗೆ ಎತ್ತರವೇ ಮುಖ್ಯಾರ್ಥವಲ್ಲ. ತೋಟಕ್ಕೆ ಸೊಪ್ಪು ಕೊಡುವ ಕಾಡೆಂದು ಅರ್ಥ. ನೆಲ ಸಮವಾಗಿದ್ದರೂ ಅದು ಬೆಟ್ಟವೇ! ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಇಂಥ ಕಾಡಿನ ಸವಲತ್ತು ದೊರೆಯಿತು. ನೆಲ ಸರ್ಕಾರದ್ದು, ಸೊಪ್ಪು, ತರಗೆಲೆ, ಹುಲ್ಲು ಮಾತ್ರ ತೋಟಿಗನವು.

ಇಷ್ಟು ಕಾಡು ಏತಕ್ಕೆಂದು ಕೇಳಬಹುದು. ಮಲೆನಾಡಿನ ಮಳೆ ಮಣ್ಣಿನ ಸಾರವನ್ನು ತೊಳೆದೊಯ್ಯುತ್ತದೆ. ಹೋದುದನ್ನು ತಂದು ತುಂಬದಿದ್ದರೆ ತೋಟ ನಿಲ್ಲದು. ಮಳೆಗಾಲದಲ್ಲಿ ಮತ್ತಿ, ಹೊನ್ನೆ ಮೊದಲಾದ ಮರಗಳ ಹಸಿಸೊಪ್ಪನ್ನು ಕಡಿದು ತಂದು ದನಗಳ ಕಾಲಡಿಗೆ ಹಾಸುತ್ತಾರೆ. ಬೇಸಗೆಯಲ್ಲಿ ಆ ಕೆಲಸಕ್ಕೆ ತರಗೆಲೆ. ಸಗಣಿ, ಗಂಜಳಗಳಲ್ಲಿ ನೆನೆದು ತುಳಿದ ಆ ಹಾಸು ಗುಂಡಿಯಲ್ಲಿ ಕೊಳೆತು ಗೊಬ್ಬರವಾಗಿ ಅಡಕೆಯ ಬುಡ ಸೇರುತ್ತದೆ. ಅದೇ ನೆಲದಲ್ಲಿ ಬಾಳೆ, ಏಲಕ್ಕಿ. ಅದೇ ಮರಕ್ಕೆ ಮೆಣಸಿನ ಬಳ್ಳಿ. ಬೆಟ್ಟದ ಕರಡವೆಂಬ ಹುಲ್ಲಿನಿಂದ ಹಿಂದೆ ಕೊಟ್ಟೆ ಹೆಣೆದು ಗೊನೆಗಳಿಗೆ ಕಟ್ಟಿ, ಮಳೆಯಿಂದ ಕಾಯುತ್ತಿದ್ದರು. 1910ರ ಸುಮಾರಿಗೆ ಮೈಸೂರಿನಲ್ಲಿ ಲೆಸ್ಲಿ ಕೋಲ್ಮನ್ನರು ಕೊಳೆರೋಗದ ಮೂಲವನ್ನು ಅಭ್ಯಸಿಸಿದರು. ಮೈಲುತುತ್ತ ಸುಣ್ಣಗಳ ದ್ರಾವಣ ಬಳಕೆಗೆ ಬಂದು ಕೊಟ್ಟೆ ಹಿಂದೆ ಸರಿಯಿತು.

ಲೆಕ್ಕ ತಪ್ಪುವುದು ಮರದ ಮೇಲೆ. ಅನುಭವಿಯು ತುದಿಯ ಕುಡಿಯನ್ನು ಉಳಿಸಿ, ಈ ವರ್ಷ ಕಡಿದ ಮರಕ್ಕೆ ಮುಂದೆ ಬಿಡುವು ಕೊಡುತ್ತಾನೆ. ಅವಸರದ ಕೈ ವರ್ಷವರ್ಷವೂ ಬೋಳಿಸುತ್ತದೆ. ಬೋಳುಮರದಲ್ಲಿ ಹೂವಿಲ್ಲ, ಹೂವಿಲ್ಲದೆ ಬೀಜವಿಲ್ಲ, ಇರುವ ಮರಗಳು ಮುದಿಯಾದಾಗ ಕೆಳಗೆ ಸಸಿಯೇ ಇರದು. ಅಂಥ ಬೆಟ್ಟದಲ್ಲಿ ಮಳೆನೀರು ಇಂಗದೆ ಹರಿದುಹೋಗಿ, ತೋಟಕ್ಕೆ ಬರುವ ಹಳ್ಳ ಬೇಗನೆ ಬತ್ತುತ್ತದೆ. ಕಾಡನ್ನು ಕಡಿದವನೊಬ್ಬ, ನೀರಿಲ್ಲದೆ ಕುಳಿತವರು ಕೆಳಗಿನ ಮನೆಯವರೆಲ್ಲರೂ! ಹೀಗಾಗಿ ಇದು ಒಬ್ಬನ ಮನೆವಾರ್ತೆಯಲ್ಲ, ಇಡೀ ಊರಿನ ಮಾತು.

ಈಗ ಆ ಕಡೆಯ ಅನೇಕ ಮನೆಗಳಲ್ಲಿ ಸಗಣಿಯು ಮೊದಲು ಗೋಬರ್ ಗ್ಯಾಸಿನ ತೊಟ್ಟಿಗೆ ಇಳಿದು, ಒಲೆಯನ್ನು ಉರಿಸಿ, ಬಗ್ಗಡವಾಗಿ ಗೊಬ್ಬರಗುಂಡಿಗೆ ಹೋಗುತ್ತದೆ. ಗೊಬ್ಬರಕ್ಕೆ ನಷ್ಟವಿಲ್ಲ, ಬೆಟ್ಟದ ಮೇಲೆ ಸೌದೆಯ ಹೊರೆ ಕಡಿಮೆ. ಆದರೆ ಇದಕ್ಕೂ ಕೊಟ್ಟಿಗೆಯಲ್ಲಿ ದನ ಬೇಕಲ್ಲವೇ? ಮಕ್ಕಳು ಪಟ್ಟಣ ಸೇರಿದ ಮನೆಗಳಲ್ಲಿ ಮೊದಲು ಖಾಲಿಯಾಗುವುದೇ ಕೊಟ್ಟಿಗೆ.