ಆಷಾಢದ ಗಾಳಿಗೆ ನಿಂತ ಮರಗಳು

ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯ ಆಸುಪಾಸಿನ ತೆಂಗಿನ ತೋಟಗಳಿಗೆ ಆಷಾಢದ ಗಾಳಿ ಪಡುವಲಿಂದ ಬರುತ್ತದೆ. ಬಂದದ್ದು ಮೊದಲು ಕಿವಿಗೆ ಗೊತ್ತಾಗುತ್ತದೆ, ಆಮೇಲೆ ಕಣ್ಣಿಗೆ. ಗಾಳಿಗೆ ಎದುರಾದ ಗರಿಗಳು ಒಂದು ಗಳಿಗೆ ಸೆಟೆದು ನಿಲ್ಲುತ್ತವೆ. ಮರುಗಳಿಗೆ ಮಟ್ಟೆ ತಿರುಚಿಕೊಂಡು, ಸುಳಿಯ ಮೇಲಿಂದ ಹಿಂದಕ್ಕೆ ಮಗುಚಿ, ಮೂಡಲ ದಿಕ್ಕಿನ ಗರಿಗಳ ಜೊತೆ ಸೇರಿಕೊಳ್ಳುತ್ತವೆ. ಎಲೆಗಳು ಒಂದೊಂದೂ ನಡುವಿನ ಕಡ್ಡಿಯ ಮೇಲೆ ಮಡಿಚಿ ಮಟ್ಟೆಗೆ ಒತ್ತಿ ಮಲಗುತ್ತವೆ. ಆಳುದ್ದ ಹರಡಿದ್ದ ಹಸಿರು ನೋಡನೋಡುತ್ತ ಒಂದು ಹಿಡಿ ಗಾತ್ರಕ್ಕೆ ಇಳಿಯುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಅದರ ನೂಕು ನಾಲ್ಕರಷ್ಟಾಗಬೇಕು. ಹರವನ್ನೇ ಕುಗ್ಗಿಸಿಕೊಳ್ಳುವ ಗರಿಯ ಮೇಲೆ ಅಷ್ಟು ಏರುವುದಿಲ್ಲ.

ಗಾಳಿಯ ಬೀಸು ದಾಟಿದ ಮೇಲಿನ ಕ್ಷಣಗಳನ್ನೇ ನಾನು ಹೆಚ್ಚು ಕಾದು ನೋಡುತ್ತೇನೆ. ಕಾಂಡ ನೆಟ್ಟಗಾಗಲು ಬಂದು, ನೆಟ್ಟಗೆ ನಿಲ್ಲದೆ, ಗಾಳಿ ಬಂದ ಕಡೆಗೇ ತುಸು ವಾಲುತ್ತದೆ, ಮತ್ತೆ ಮರಳುತ್ತದೆ. ಆದರೆ ಗರಿಗಳು ಅದರ ತಾಳಕ್ಕೆ ಬೀಳುವುದಿಲ್ಲ. ಒಂದು ಏಳುವಾಗ ಪಕ್ಕದ್ದು ಇಳಿಯುತ್ತಿರುತ್ತದೆ, ಮೂರನೆಯದು ಅಡ್ಡಡ್ಡ ತೂಗುತ್ತಿರುತ್ತದೆ. ಈ ತಾಳ ತಪ್ಪಿದ ಅಲುಗಾಟದಲ್ಲಿ ಕಾಂಡದ ತೂಗು ಹಂಚಿಹೋಗಿ, ಗಾಳಿಯೊಡನೆ ಉಜ್ಜಿ ಸವೆದು, ನಾಲ್ಕಾರು ಓಲಾಟಕ್ಕೇ ಅಡಗುತ್ತದೆ. ಗರಿ ಉದುರಿದ ಬೋಳು ಕಾಂಡ ಇನ್ನೂ ಬಹಳ ಹೊತ್ತು ತೊನೆಯುತ್ತದೆ.

ಬಾಗಿದ ಕಾಂಡದೊಳಗೆ ಎರಡು ಬಲಗಳಿವೆ. ಗಾಳಿ ಬರುವ ಮಗ್ಗುಲು ಹಿಗ್ಗುತ್ತದೆ, ಆಚೆಯದು ಕುಗ್ಗುತ್ತದೆ. ಎರಡೂ ಅಂಚಿನಲ್ಲಿ ಹೆಚ್ಚು, ನಟ್ಟನಡುವೆ ಇಲ್ಲವೇ ಇಲ್ಲ. ಬಿದ್ದ ತೆಂಗನ್ನು ಗರಗಸದಿಂದ ಕೊಯ್ದ ಕಡೆ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ಅಂಚಿನಲ್ಲಿ ಕಡುಕಂದು ಚುಕ್ಕೆಗಳು ಉಗುರಿಗೂ ಎಡೆಯಿಲ್ಲದಂತೆ ಒತ್ತೊತ್ತಾಗಿವೆ. ಒಳಕ್ಕೆ ಹೋದಂತೆ ವಿರಳವಾಗುತ್ತ, ನಡುವಿನ ಮಾಸಲು ಕೆನೆಬಣ್ಣದ ತಿರುಳಿನಲ್ಲಿ ಅಲ್ಲೊಂದು ಇಲ್ಲೊಂದು ಉಳಿಯುತ್ತವೆ. ಒಂದೊಂದು ಚುಕ್ಕೆಯೂ ಬುಡದಿಂದ ಮೇಲಕ್ಕೆ ಏರುವ ನಾರಿನ ಕಂತೆ. ಮಾವು ಬೇವುಗಳಂತೆ ವರ್ಷವರ್ಷ ಹೊಸ ಮರದ ಸುತ್ತು ಸೇರಿಸಿಕೊಳ್ಳುವ ಪದರ ತೆಂಗಿಗಿಲ್ಲ. ಎತ್ತರ ಏರಿದಂತೆ ಬುಡದ ನಾರುಗಳ ಗೋಡೆ ಒಳಗೊಳಗೇ ಗಟ್ಟಿಯಾಗುತ್ತದೆ, ಅಷ್ಟೆ.

ಅದೇ ಕಂತೆಗಳಲ್ಲಿ ನೀರೂ ಏರುತ್ತದೆ. ವಾಯುಭಾರ ನೀರನ್ನು ಎತ್ತಬಲ್ಲದ್ದು ಸುಮಾರು 10 ಮೀಟರಿಗೆ. 20 ಮೀಟರಿನ ತೆಂಗಿನ ನೆತ್ತಿಗೆ ಅದು ಸಾಲದು. ಎಲೆಯಿಂದ ಆವಿಯಾಗುವ ನೀರು ತನಗೆ ಅಂಟಿಕೊಂಡ ಕೆಳಗಿನ ನೀರನ್ನು ಎಳೆದುಕೊಳ್ಳುತ್ತದೆಂದು 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಎಂಬ ಐರಿಷ್ ವಿಜ್ಞಾನಿಗಳು ವಿವರಿಸಿದರು. ಗಾಳಿಯಿಲ್ಲದ ಮಧ್ಯಾಹ್ನ, ಒಂದು ಎಲೆಯೂ ಅಲುಗದಿರುವಾಗ, ತೋಟದ ಪ್ರತಿ ಕಾಂಡದಲ್ಲೂ ಈ ಎಳೆತ ನಡೆದೇ ಇರುತ್ತದೆ. ಅದೇ ಮರದ ಎಳನೀರಿನಲ್ಲಿ ಇರುವುದು ಒತ್ತಡ: ಮಚ್ಚಿನ ತುದಿ ತಾಗಿದ್ದೇ ನೀರು ಚಿಮ್ಮಿ ಮುಂಗೈ ತೋಯುತ್ತದೆ.

ಕುಣಿಗಲ್ ದಾಟಿ ಕುದೂರು–ಹುಲಿಕಲ್ ರಸ್ತೆಗೆ ಬಂದರೆ ಆಲದ ಸಾಲು. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಹುಲಿಕಲ್ಲಿಗೆ ಸೊಸೆಯಾಗಿ ಬಂದ ತಿಮ್ಮಕ್ಕ, ಗಂಡ ಚಿಕ್ಕಯ್ಯನವರೊಡನೆ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ಬೆಳೆಸಿದ ಮರಗಳಿವು. ಆಲದ ಕೊಂಬೆ ಅಡ್ಡಕ್ಕೆ ಚಾಚುತ್ತದೆ. ಚಾಚಿದಷ್ಟೂ ಅದರ ತೂಕ ಬುಡವನ್ನು ಮುರಿಯುವಂತೆ ಜಗ್ಗುತ್ತದೆ. ಕೊಂಬೆಯಿಂದ ಇಳಿದ ಎಳೆಯ ಬಿಳಲು ಕೆಂಗಂದು, ತುದಿ ಮಾತ್ರ ಮೆತ್ತನೆಯ ನಸುಹಳದಿ. ನೆಲ ಮುಟ್ಟುವವರೆಗೆ ಸಡಿಲವಾಗಿ ತೂಗಾಡುತ್ತದೆ. ನೆಲದಲ್ಲಿ ಬೇರು ಬಿಟ್ಟ ಬಿಳಲನ್ನು ಬೆರಳಲ್ಲಿ ಮೀಟಿದರೆ ತಂಬೂರಿಯ ತಂತಿ. ಆಲದ ಹತ್ತಿರದ ನಂಟ ಫೈಕಸ್ ಬೆಂಜಮಿನಾದಲ್ಲಿ ಇದರ ಕಾರಣ 1968ರಲ್ಲಿ ಪ್ರಕಟವಾಯಿತು: ನೆಲ ಹಿಡಿದ ಬಿಳಲಿನಲ್ಲಿ ಕುಗ್ಗುವ ಗುಣದ ವಿಶೇಷ ನಾರು ಬೆಳೆದು ಅದನ್ನು ಬಿಗಿಯುತ್ತದೆ. ವರ್ಷಗಳು ಕಳೆದು ದಪ್ಪವಾದ ಮೇಲೆ ಜಗ್ಗುತ್ತಿದ್ದ ಬಿಳಲೇ ಕಂಬವಾಗಿ ಕೊಂಬೆಯನ್ನು ಹೊರುತ್ತದೆ.

ತುಮಕೂರು ನಗರದ ಬೀದಿಮರಗಳಿಗೆ ಚರಂಡಿ ಅಗೆತದಿಂದ ಬೇರಿನ ಆಸರೆ ಕಡಿಮೆ. ಗಾಳಿಗೆ ವಾಲುವ ಮರವನ್ನು ಗಾಳಿ ಬರುವ ಕಡೆಯ ಬೇರುಗಳು ಎಳೆದು ಹಿಡಿಯುತ್ತವೆ, ಆಚೆ ಕಡೆಯವು ನೆಲಕ್ಕೆ ಒತ್ತಿ ತಡೆಯುತ್ತವೆ. ಎಳೆಯುವ ಮಗ್ಗುಲಿನ ಬೇರು ಕಡಿದು ಹೋಗಿ, ಮುಂಗಾರಿನ ಮೊದಲ ಬಿರುಮಳೆಗೆ ಮಣ್ಣು ಮೆತ್ತಗಾದರೆ, ಎಲೆ ತುಂಬಿದ ಮರವೂ ಬುಡಸಮೇತ ಮಗುಚುತ್ತದೆ. ಅಂಥ ಜಾಗದಲ್ಲಿ ನೆಟ್ಟ ಹೊಂಗೆ ಸಸಿಗಳನ್ನು ಗಮನಿಸಿದ್ದೇನೆ. ಕಬ್ಬಿಣದ ಕಾಪಿಗೆ ಬಿಗಿಯಾಗಿ ಕಟ್ಟಿದ್ದು ಬೇಗ ಎತ್ತರವಾಗಿ, ಕಟ್ಟು ಬಿಚ್ಚಿದ ದಿನ ಬಾಗಿತು. ಹುರಿ ಸಡಿಲಾಗಿ ದಿನವಿಡೀ ಓಲಾಡುತ್ತಿದ್ದ ಪಕ್ಕದ್ದು ಗಿಡ್ಡ, ಆದರೆ ಬುಡ ದಪ್ಪ. ಅಲುಗಿದಾಗ ಎಲ್ಲಿ ಜಗ್ಗುತ್ತದೋ ಅಲ್ಲಿಗೆ ಸಸಿ ಮರದ ನಾರನ್ನು ಸೇರಿಸುತ್ತದೆ. ಗಾಳಿಗೆ ಎಷ್ಟು ಗಟ್ಟಿಯಾಗಬೇಕೆಂದು ಅದಕ್ಕೆ ಗಾಳಿಯೇ ತಿಳಿಸಬೇಕು. ಸಸಿ ನೆಟ್ಟವರು ಕಟ್ಟುವ ಹುರಿಯಲ್ಲಿ ಎರಡು ಬೆರಳು ಆಡುವಷ್ಟು ಜಾಗ ಬಿಟ್ಟರೆ ಸಾಕು.