ದವಡೆಯ ತುದಿಯ ವಿಷ

1957ರ ಸೆಪ್ಟೆಂಬರ್ 25. ಗುರುತು ಹಿಡಿದು ಹೇಳಿ ಎಂದು ಮೃಗಾಲಯದವರು ಷಿಕಾಗೊದ ಫೀಲ್ಡ್ ಮ್ಯೂಸಿಯಂಗೆ ಒಂದು ಮರಿಹಾವು ಕಳಿಸಿದ್ದರು. ಅದು ಆಫ್ರಿಕಾದ ಬೂಮ್‌ಸ್ಲ್ಯಾಂಗ್. ಕೈಗೆತ್ತಿಕೊಂಡ ಉರಗತಜ್ಞ ಕಾರ್ಲ್ ಷ್ಮಿಟ್ ಅವರ ಎಡ ಹೆಬ್ಬೆರಳಿಗೆ ಕಚ್ಚಿತು. ನಾಟಿದ್ದು ಒಂದೇ ಹಲ್ಲು. ಅವರು ಆಸ್ಪತ್ರೆಗೆ ಹೋಗಲಿಲ್ಲ. ಮನೆಗೆ ಹೋಗುವಾಗ ರೈಲಿನಲ್ಲಿ ಬಂದ ವಾಕರಿಕೆ, ಆಮೇಲೆ ಒಸಡಿನಿಂದ ಸುರಿದ ರಕ್ತ, ಎಲ್ಲವನ್ನೂ ಹೊತ್ತಿನ ಸಮೇತ ಬರೆದಿಟ್ಟರು. ಮರುದಿನ ಮಧ್ಯಾಹ್ನ ತೀರಿಕೊಂಡರು.

ಇಂಥ ಹಾವುಗಳನ್ನು ಹಗುರವಾಗಿ ಕಾಣಲು ಕಾರಣ ಅವುಗಳ ಬಾಯಲ್ಲೇ ಇತ್ತು. ನಾಗರಹಾವಿನ ವಿಷದಂತ ಬಾಯಿಯ ಮುಂಭಾಗದಲ್ಲಿದೆ, ಸೂಜಿಯಂತೆ ಟೊಳ್ಳು. ಇವುಗಳದ್ದು ಮೇಲ್ದವಡೆಯ ಹಿಂಭಾಗದಲ್ಲಿದೆ; ಹೆಚ್ಚಿನವಕ್ಕೆ ಅದರ ಮೇಲೊಂದು ಗೀರುಗಾಲುವೆ. ಕಚ್ಚಿ ಹಿಡಿದು ಅಗಿದರೆ ವಿಷ ಮೆಲ್ಲಗೆ ಒಸರುತ್ತದೆ. ಮಲೆನಾಡಿನ ಹಸಿರು ಬಳ್ಳಿಹಾವೂ ಇದೇ ಗುಂಪಿನದು. ಅದರ ಕಡಿತದಿಂದ ಮನುಷ್ಯನ ಜೀವಕ್ಕೆ ಅಪಾಯವಿಲ್ಲ.

ಅಧ್ಯಯನಕ್ಕೆ ಸಿಗುವ ವಿಷವೂ ತೀರಾ ಕಡಿಮೆ. ಹಾವಿಗೆ ಅರಿವಳಿಕೆ ಕೊಟ್ಟು, ಗ್ರಂಥಿ ಸ್ರವಿಸುವಂತೆ ಪೈಲೊಕಾರ್ಪಿನ್ ಚುಚ್ಚಿ, ಹಿಂದಿನ ಹಲ್ಲಿಗೆ ಸಣ್ಣ ಗಾಜಿನ ಕೊಳವೆ ಹಿಡಿಯುತ್ತಾರೆ. ಅಮೆರಿಕದ ಸ್ಟೀಫನ್ ಮ್ಯಾಕೆಸಿ ಅವರಂಥವರು ಈ ಕ್ರಮವನ್ನು ಪಳಗಿಸಿದ ಮೇಲೆ ಸಂಶೋಧನೆಗೆ ಸಾಕಾಗುವಷ್ಟು ವಿಷ ದೊರೆಯತೊಡಗಿತು.

ದೊಡ್ಡ ಅಚ್ಚರಿ ಬಂದದ್ದು 2006ರಲ್ಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಸಿಂಗಪುರದಲ್ಲಿ ನೆಲೆಸಿದ ಆರ್. ಮಂಜುನಾಥ ಕಿಣಿ ಅವರ ತಂಡ, ಮ್ಯಾಂಗ್ರೋವ್ ಹಾವಿನ ವಿಷದಿಂದ 'ಡೆನ್ಮೊಟಾಕ್ಸಿನ್' ಎಂಬ ಪ್ರೋಟೀನನ್ನು ಬೇರ್ಪಡಿಸಿತು. ನರದ ಆಜ್ಞೆಯನ್ನು ಸ್ನಾಯುವಿಗೆ ಮುಟ್ಟಿಸುವ ಗ್ರಾಹಕಕ್ಕೆ ಅದು ಅಂಟಿಕೊಳ್ಳುತ್ತದೆ. ಇಲಿಯ ಗ್ರಾಹಕಕ್ಕಿಂತ ಕೋಳಿಮರಿಯದ್ದು ಇದಕ್ಕೆ 100 ಪಟ್ಟು ಹೆಚ್ಚು ಸುಲಭವಾಗಿ ಸೋಲುತ್ತದೆ. ಗುವಾಮ್ ದ್ವೀಪದ ಕಾಡುಹಕ್ಕಿಗಳನ್ನು ಬಹುಪಾಲು ನುಂಗಿ ಮುಗಿಸಿದ ಕಂದು ಮರಹಾವಿನಲ್ಲೂ ಇಂಥದ್ದೇ ವಿಷ ಸಿಕ್ಕಿತು: ಹಕ್ಕಿ, ಹಲ್ಲಿಗಳಿಗೆ ಮಾರಕ, ಇಲಿಗೆ ನಿರಪಾಯ.

ಔಷಧ ತಜ್ಞರು ಹಂಬಲಿಸುವುದು ಈ ಗುಣವನ್ನೇ: ಒಂದೇ ಬೀಗಕ್ಕೆ ಕೂಡುವ ಕೀಲಿ. ಗುರಿಯೊಂದನ್ನೇ ಮುಟ್ಟಿ ಉಳಿದದ್ದನ್ನು ಬಿಡುವ ಅಣುವಿನಿಂದ ಅಡ್ಡಪರಿಣಾಮ ಕಡಿಮೆ. ಬ್ರೆಜಿಲ್‌ನ ಜರರಾಕ ಹಾವಿನ ವಿಷದ ಜಾಡು ಹಿಡಿದೇ ರಕ್ತದೊತ್ತಡದ ಕ್ಯಾಪ್ಟೊಪ್ರಿಲ್ ಬಂತು. ನಮ್ಮಲ್ಲೂ ಇರುವ ಗರಗಸ ಮಂಡಲದ ವಿಷ ಹೃದ್ರೋಗದ ಟಿರೋಫಿಬಾನ್‌ಗೆ ಮಾದರಿಯಾಯಿತು. ಹಿಂದಿನ ಹಲ್ಲಿನ ಹಾವುಗಳದ್ದು ಇನ್ನೂ ಪ್ರಯೋಗಾಲಯದ ಹಂತ.

ಪ್ರತಿಯೊಂದು ಜಾತಿಯೂ ತನ್ನ ಬೇಟೆಗೆ ತಕ್ಕ ವಿಷವನ್ನು ಲಕ್ಷಾಂತರ ವರ್ಷಗಳಲ್ಲಿ ರೂಪಿಸಿಕೊಂಡಿದೆ. ಹಾವು ಅಳಿದರೆ ಅದೂ ಅಳಿಯುತ್ತದೆ. ತೋಟದ ಬೇಲಿಯಲ್ಲಿ ಹಸಿರು ಹಾವು ಕಂಡರೆ ದೊಣ್ಣೆ ಎತ್ತಬೇಡಿ, ದಾರಿ ಬಿಡಿ.